ಹಕ್ಕಿಯೋ, ಯಕ್ಷಗಾನವೋ, ಜೋಗವೋ: ಹವ್ಯಾಸಿಯ ಕ್ಯಾಮೆರಾ ಯಾವ ಕಡೆ ತಿರುಗಬೇಕು?

ಪ್ರಶ್ನೆ: ಸಾಗರದ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕಿ ನಾನು. ಮೂರು ವರ್ಷದ ಹಿಂದೆ ಕ್ಯಾನನ್ 1500ಡಿ ಕೊಂಡೆ. ಅದರ ಜೊತೆಗೇ ಬಂದ 18-55 ಮತ್ತು 55-250 ಮಿ.ಮೀ. ಲೆನ್ಸ್‌ಗಳಷ್ಟೇ ನನ್ನ ಬಳಿ ಇವೆ. ಗುಡವಿ ಪಕ್ಷಿಧಾಮದ ಹಕ್ಕಿ, ಜೋಗ, ಊರಿನ ಯಕ್ಷಗಾನ, ಹಿತ್ತಲಿನ ಹುಳ-ಹಪ್ಪಟೆ, ಸಂತೆಯ ಜನ ಎಲ್ಲವನ್ನೂ ತೆಗೆದು ನೋಡಿದೆ. ಹಕ್ಕಿ ಚುಕ್ಕೆಯಷ್ಟು ಬರುತ್ತದೆ, ಅದೂ ಮಸುಕು. ಯಕ್ಷಗಾನದಲ್ಲಿ ಮುಖ ಬೆಳ್ಳಗಾಗುತ್ತದೆ, ಕೆಂಪು ಬಟ್ಟೆಯ ಮಡಿಕೆಗಳೇ ಕಾಣುವುದಿಲ್ಲ, ಕೆಲವು ಚಿತ್ರಗಳಲ್ಲಿ ಅಡ್ಡಡ್ಡ ಪಟ್ಟಿ ಬರುತ್ತದೆ. ಜೋಗದ ನೀರು ಬರೀ ಬಿಳಿ. ಸಂತೆಯಲ್ಲಂತೂ ಕ್ಯಾಮೆರಾ ಎತ್ತುವುದಕ್ಕೇ ಸಂಕೋಚ. ಒಂದು ಬಗೆಯನ್ನೇ ಹಿಡಿದುಕೊಳ್ಳದಿದ್ದರೆ ಯಾವುದರಲ್ಲೂ ಮುಂದೆ ಬರುವುದಿಲ್ಲ ಎಂದು ಒಬ್ಬರು ಹೇಳುತ್ತಾರೆ. ಇದನ್ನೆಲ್ಲ ಮಾರಿ ಫುಲ್ ಫ್ರೇಮ್ ಮಿರರ್‌ಲೆಸ್ (ದೊಡ್ಡ ಸೆನ್ಸರಿನ, ಒಳಗೆ ಕನ್ನಡಿಯಿಲ್ಲದ ಕ್ಯಾಮೆರಾ) ತೆಗೆದುಕೊಳ್ಳಿ ಎಂದು ಇನ್ನೊಬ್ಬರು. ಕೈಯಲ್ಲಿ 45,000 ರೂಪಾಯಿ ಇದೆ. ಈ ಮಳೆಗಾಲ ಮುಗಿದ ಮೇಲೆ 55-250 ಲೆನ್ಸಿನ ಒಳಗೆ ಬಿಳಿ ಎಳೆಯಂಥದ್ದು ಬೇರೆ ಕಾಣುತ್ತಿದೆ. ನಾನು ಯಾವುದನ್ನು ಆರಿಸಿಕೊಳ್ಳಲಿ, ಏನು ಕೊಳ್ಳಲಿ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಚಿತ್ರಗಳು ಯಾಕೆ ಕೆಡುತ್ತಿವೆ ಎಂಬುದು ಒಂದು, ಯಾವ ಬಗೆಯ ಛಾಯಾಗ್ರಹಣ ನನಗೆ ಒಗ್ಗುತ್ತದೆ ಎಂಬುದು ಇನ್ನೊಂದು, ಹಣ ಎಲ್ಲಿ ಹಾಕಲಿ ಎಂಬುದು ಮೂರನೆಯದು. ಮೊದಲನೆಯದು ಬಿಡಿಸಿಕೊಳ್ಳದೆ ಉಳಿದೆರಡಕ್ಕೆ ಉತ್ತರ ಸಿಗುವುದಿಲ್ಲ. ಹಕ್ಕಿ ಮಸುಕಾಗಿದ್ದು ಫೋಕಸ್ ಮತ್ತು ಶಟರ್ ವೇಗದ ತಪ್ಪಿನಿಂದಾದರೆ, ಹಕ್ಕಿ ನನಗಲ್ಲ ಎಂದು ಕೈಬಿಡುವುದೂ ತಪ್ಪು, ಲಕ್ಷ ರೂಪಾಯಿಯ ಲೆನ್ಸ್ ಕೊಳ್ಳುವುದೂ ತಪ್ಪು. ನೀವು ಬರೆದ ದೋಷಗಳಲ್ಲಿ ಹೆಚ್ಚಿನವು ಇದೇ ಕ್ಯಾಮೆರಾದಲ್ಲಿ ಸರಿಹೋಗುವಂಥವು.

ಒಂದನ್ನೇ ಹಿಡಿಯಬೇಕೆ?

ಈ ಮಾತು ಹೆಚ್ಚಾಗಿ ಕೇಳಿಸುವುದು ಸ್ಪರ್ಧೆಗಳ ವಲಯದಲ್ಲಿ. ಸಲೋನ್ ಎಂಬ ಛಾಯಾಚಿತ್ರ ಸ್ಪರ್ಧೆಗಳಲ್ಲಿ ನೇಚರ್, ಟ್ರಾವೆಲ್, ಮೊನೊಕ್ರೋಮ್ ಎಂದು ವಿಭಾಗಗಳಿರುತ್ತವೆ, ಒಂದು ವಿಭಾಗದಲ್ಲಿ ಹೆಸರು ಮಾಡಿದವರು ಅದನ್ನೇ ಮುಂದುವರಿಸುತ್ತಾರೆ. ಮೈಸೂರಿನ ಟಿ.ಎಸ್. ಸತ್ಯನ್ ಎಂದರೆ ಜನಜೀವನ, ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ ಎಂದರೆ ವನ್ಯಜೀವಿ ಎಂದು ನಾವು ನೆನೆಯುವುದು ಅವರ ಇಡೀ ಬದುಕಿನ ಕೆಲಸವನ್ನು ನೋಡಿ. ಮೂರು ವರ್ಷದ ಹವ್ಯಾಸಿಗೆ ಆ ಅಳತೆ ಹಿಡಿಯುವುದರಲ್ಲಿ ಅರ್ಥವಿಲ್ಲ.

ಹಾಗೆಂದು ಆ ಮಾತಿನಲ್ಲಿ ಹುರುಳೇ ಇಲ್ಲವೆಂದಲ್ಲ. ಒಂದೇ ವಾರದಲ್ಲಿ ಐದೂ ಬಗೆಯನ್ನು ತೆಗೆದರೆ ಯಾವುದೂ ಕೈಗೆ ಹತ್ತುವುದಿಲ್ಲ, ಅದಕ್ಕೆ ಸರಳ ಕಾರಣವೂ ಇದೆ. ರಾತ್ರಿ ಯಕ್ಷಗಾನದ ಆಟಕ್ಕೆ ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸ್ಪಂದನೆ) 6400ಕ್ಕೆ ಏರಿಸಿದ್ದು ಮಾರನೆಯ ಬೆಳಿಗ್ಗೆ ಜೋಗದಲ್ಲೂ ಹಾಗೆಯೇ ಉಳಿದಿರುತ್ತದೆ. ಹೂವಿಗೆಂದು ಇಟ್ಟ, ಅಲುಗದ ವಸ್ತುವಿಗೆ ಹೊಂದುವ ಒನ್ ಶಾಟ್ ಫೋಕಸ್ ಹಾರುವ ಹಕ್ಕಿಗೂ ಮುಂದುವರಿಯುತ್ತದೆ. ಬೆರಳಿಗೆ ಒಂದು ಅಭ್ಯಾಸ ಕೂರುವ ಮೊದಲೇ ಇನ್ನೊಂದಕ್ಕೆ ಹೊರಳಿರುತ್ತೀರಿ. ಆದ್ದರಿಂದ ಒಂದು ಬಗೆಗೆ ಐದಾರು ವಾರ ಕೊಡಿ, ಆಮೇಲೆ ಬದಲಿಸಿ. ಮಲೆನಾಡಿನಲ್ಲಿ ಈ ಸರದಿಯನ್ನು ಋತುವೇ ಹಾಕಿಕೊಟ್ಟಿದೆ. ಜೂನ್‌ನಿಂದ ಕಪ್ಪೆ, ಹುಳ, ಅಣಬೆ. ಗುಡವಿಯಲ್ಲಿ ಹಕ್ಕಿಗಳು ಗೂಡು ಕಟ್ಟಿ ಮರಿ ಮಾಡುವುದೂ ಮಳೆಗಾಲದಲ್ಲೇ. ಜೋಗದಲ್ಲಿ ಜುಲೈನಿಂದ ಸೆಪ್ಟೆಂಬರ್‌ವರೆಗೆ ನೀರು. ದೀಪಾವಳಿಯ ಆಸುಪಾಸಿನಿಂದ ಮೇ ತಿಂಗಳ ಪತ್ತನಾಜೆಯವರೆಗೆ (ಆಟಗಳು ಮುಗಿಯುವ ದಿನ) ಯಕ್ಷಗಾನ ಮೇಳಗಳ ತಿರುಗಾಟ. ನೀವು ಪಟ್ಟಿ ಮಾಡಿಕೊಳ್ಳುವ ಅಗತ್ಯವೇ ಇಲ್ಲ.

ಪ್ರತಿ ಬಗೆಯೂ ಒಂದೊಂದು ಪಾಠವನ್ನು ಚೆನ್ನಾಗಿ ಕಲಿಸುತ್ತದೆ. ಹಕ್ಕಿ ಫೋಕಸ್ ಕಲಿಸುತ್ತದೆ, ರಂಗಸ್ಥಳ ಎಕ್ಸ್‌ಪೋಷರ್ ಕಲಿಸುತ್ತದೆ, ಹುಳ ಫೋಕಸ್ಸಿನ ಆಳ ಎಂದರೇನೆಂದು ತೋರಿಸುತ್ತದೆ, ಸಂತೆ ಕ್ಷಣ ಗುರುತಿಸುವುದನ್ನು ಕಲಿಸುತ್ತದೆ. ಒಂದರಲ್ಲಿ ಕಲಿತದ್ದು ಇನ್ನೊಂದರಲ್ಲಿ ಉಪಯೋಗಕ್ಕೆ ಬರುತ್ತದೆ. ನೀವು ಎಲ್ಲ ಕಡೆ ಕೈಯಾಡಿಸಿದ ಮೂರು ವರ್ಷ ವ್ಯರ್ಥವಾಗಿಲ್ಲ ಎಂದು ನಾನು ಖಂಡಿತವಾಗಿ ಹೇಳುತ್ತೇನೆ.

ಯಕ್ಷಗಾನ: ಬಿಳಿ ಮುಖ, ಮಡಿಕೆ ಕಾಣದ ಕೆಂಪು, ಅಡ್ಡ ಪಟ್ಟಿ

ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ನಿಮ್ಮ ಪಟ್ಟಿಯಲ್ಲಿ ಅತಿ ಕಷ್ಟದ ಬೆಳಕು ಇದೇ, ಇದು ಕೈವಶವಾದರೆ ಉಳಿದವು ಹಗುರಾಗುತ್ತವೆ.

ಮುಖ ಬೆಳ್ಳಗಾಗುವುದಕ್ಕೆ ಕಾರಣ ಕ್ಯಾಮೆರಾದ ಬೆಳಕಿನ ಲೆಕ್ಕ. ರಂಗಸ್ಥಳದ ಹಿಂದೆ ಕಪ್ಪು ಕತ್ತಲೆ, ನಡುವೆ ಬೆಳಕಿನಲ್ಲಿ ಒಬ್ಬ ವೇಷಧಾರಿ. ಕ್ಯಾಮೆರಾ ಇಡೀ ಚೌಕಟ್ಟಿನ ಸರಾಸರಿ ತೆಗೆದು, ತುಂಬಾ ಕತ್ತಲಿದೆ ಎಂದು ತೀರ್ಮಾನಿಸಿ ಬೆಳಕು ಏರಿಸುತ್ತದೆ. ಕತ್ತಲೆ ಬೂದಾಗುತ್ತದೆ, ಮುಖ ಉರಿದುಹೋಗುತ್ತದೆ. ಪರಿಹಾರ ಮ್ಯಾನುವಲ್ ಮೋಡ್. ರಂಗದ ಮೇಲಿನ ಬೆಳಕು ಹೆಚ್ಚು ಬದಲಾಗುವುದಿಲ್ಲವಾದ್ದರಿಂದ ಒಮ್ಮೆ ಹೊಂದಿಸಿದರೆ ಪ್ರಸಂಗದುದ್ದಕ್ಕೂ ಸಾಕಾಗುತ್ತದೆ. ಎಫ್ 5.6 (ಲೆನ್ಸಿನ ಕಿಂಡಿಯ ಅಳತೆ, ಅಂಕಿ ಚಿಕ್ಕದಾದಷ್ಟು ಬೆಳಕು ಹೆಚ್ಚು), ಶಟರ್ 1/200 ಸೆಕೆಂಡ್, ಐಎಸ್ಒ 6400ರಿಂದ ಆರಂಭಿಸಿ, ಒಂದು ಚಿತ್ರ ತೆಗೆದು ಮುಖವನ್ನು ದೊಡ್ಡದು ಮಾಡಿ ನೋಡಿ. ಹಣೆ, ಮೂಗಿನ ತುದಿಯಲ್ಲಿ ವಿವರ ಉಳಿದಿರಬೇಕು. ಹಿನ್ನೆಲೆ ಕಪ್ಪಾಗಿಯೇ ಇರಲಿ.

ಕೆಂಪಿನ ಸಮಸ್ಯೆ ಇದಕ್ಕಿಂತ ಸೂಕ್ಷ್ಮ. ಕಸೆ ಸೀರೆ, ದಗಲೆ, ಮುಂಡಾಸು ಎಲ್ಲದರಲ್ಲೂ ಕೆಂಪು ಗಾಢವಾಗಿರುತ್ತದೆ. ಒಟ್ಟು ಹೊಳಪು ಸರಿಯಿದ್ದರೂ ಸೆನ್ಸರಿನ ಕೆಂಪು ಚಾನೆಲ್ ಮಾತ್ರ ತುಂಬಿ ತುಳುಕಿರುತ್ತದೆ. ಹಾಗೆ ತುಳುಕಿದ ಕಡೆ ಮಡಿಕೆ, ನೇಯ್ಗೆ ಎಲ್ಲ ಅಳಿಸಿಹೋಗಿ ಒಂದೇ ಹಚ್ಚಿದ ಬಣ್ಣದಂತೆ ಕಾಣುತ್ತದೆ. ಚಿತ್ರದ ಬೆಳಕಿನ ಹಂಚಿಕೆ ತೋರಿಸುವ ಸಾಮಾನ್ಯ ಹಿಸ್ಟೋಗ್ರಾಮ್‌ನಲ್ಲಿ ಇದು ತಿಳಿಯುವುದಿಲ್ಲ. ಪ್ಲೇಬ್ಯಾಕ್‌ನಲ್ಲಿ ಮೂರು ಬಣ್ಣದ ಹಿಸ್ಟೋಗ್ರಾಮ್ ಆನ್ ಮಾಡಿ, ಕೆಂಪಿನ ಗುಡ್ಡೆ ಬಲಗೋಡೆಗೆ ಒತ್ತಿ ನಿಂತಿದ್ದರೆ ಅರ್ಧದಿಂದ ಒಂದು ಸ್ಟಾಪ್ ಇಳಿಸಿ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧವಾಗುತ್ತದೆ). ಪಿಕ್ಚರ್ ಸ್ಟೈಲ್ 'ಸ್ಟ್ಯಾಂಡರ್ಡ್' ಬಿಟ್ಟು 'ನ್ಯೂಟ್ರಲ್' ಇಟ್ಟುಕೊಂಡರೆ ಪರದೆ ತೋರಿಸುವುದು ನಿಜಕ್ಕೆ ಹತ್ತಿರವಾಗುತ್ತದೆ. ಚಿತ್ರವನ್ನು ಜೆಪೆಗ್‌ನಲ್ಲಲ್ಲ, ಸೆನ್ಸರ್ ಕಂಡದ್ದನ್ನು ಹಾಗೆಯೇ ಉಳಿಸುವ ರಾ ಕಡತದಲ್ಲಿ ತೆಗೆಯಿರಿ. ಬಣ್ಣದ ದೀಪಗಳ ಕೆಳಗೆ ತೆಗೆದದ್ದರ ವೈಟ್ ಬ್ಯಾಲೆನ್ಸ್ (ಬಣ್ಣದ ಛಾಯೆ) ಮನೆಯಲ್ಲಿ ಕುಳಿತು ತಿದ್ದಲು ಅದೇ ಒಳ್ಳೆಯ ದಾರಿ.

ಅಡ್ಡ ಪಟ್ಟಿಗೆ ಕಾರಣ ನೀವು ಕಲಿಸುವ ವಿಜ್ಞಾನದಲ್ಲೇ ಇದೆ. ನಮ್ಮ ವಿದ್ಯುತ್ 50 ಹರ್ಟ್ಸ್. ಅಗ್ಗದ ಎಲ್‌ಇಡಿ ಮತ್ತು ಟ್ಯೂಬ್‌ಲೈಟ್‌ಗಳು ಸೆಕೆಂಡಿಗೆ 100 ಬಾರಿ ಮಿನುಗುತ್ತವೆ. ಶಟರ್ 1/100 ಅಥವಾ 1/50 ಇದ್ದರೆ ಒಂದು ಪೂರ್ತಿ ಮಿನುಗು ಒಳಗೆ ಬರುತ್ತದೆ. 1/500 ಇಟ್ಟರೆ ಮಿನುಗಿನ ಒಂದು ತುಣುಕಷ್ಟೇ ಸಿಗುತ್ತದೆ. ಶಟರಿನ ಸೀಳು ಸೆನ್ಸರಿನ ಮೇಲಿಂದ ಕೆಳಕ್ಕೆ ಸರಿಯುವಷ್ಟರಲ್ಲಿ ಬೆಳಕು ಏರಿಳಿದು ಪಟ್ಟಿಯಾಗುತ್ತದೆ. ಪಟ್ಟಿ ಕಂಡ ಕೂಡಲೇ 1/100ಕ್ಕೆ ಇಳಿಯಿರಿ. ಹಾಗಾದರೆ ಕುಣಿತ ಅಲುಗಿಹೋಗುವುದಿಲ್ಲವೇ? ಗಿರಕಿ ಹಾಕುವಾಗ ಹೋಗುತ್ತದೆ. ಆದರೆ ಪ್ರತಿ ಚಲನೆಯಲ್ಲೂ ನಿಲ್ಲುವ ಒಂದು ಗಳಿಗೆ ಇದೆ. ದಿಗಿಣ ಹಾರಿದವನು ಎತ್ತರದ ತುದಿಯಲ್ಲಿ ಕ್ಷಣ ಮಾತ್ರ ನಿಂತಂತಿರುತ್ತಾನೆ, ಬಿಡ್ತಿಗೆಯಾದ ಮೇಲೆ (ಕುಣಿತದ ಒಂದು ಸುತ್ತಿನ ಮುಕ್ತಾಯದ ತಾಳ) ವೇಷ ಒಂದು ಭಂಗಿಯಲ್ಲಿ ನೆಲೆಗೊಳ್ಳುತ್ತದೆ. ಚೆಂಡೆಯ ಪೆಟ್ಟು ಕೇಳುತ್ತಿದ್ದರೆ ಆ ಗಳಿಗೆ ಮೊದಲೇ ತಿಳಿಯುತ್ತದೆ. ಯಕ್ಷಗಾನ ನೋಡಿ ಬೆಳೆದ ನಿಮಗೆ ಇದು ಹೊರಗಿನಿಂದ ಬಂದ ಯಾವ ಛಾಯಾಗ್ರಾಹಕನಿಗಿಂತ ಸುಲಭ. ಲೆನ್ಸಿನ ಐಎಸ್ ಸ್ವಿಚ್ ಕೈನಡುಕವನ್ನು ಮಾತ್ರ ತಡೆಯುತ್ತದೆ, ಕುಣಿಯುವವನನ್ನು ನಿಲ್ಲಿಸುವುದಿಲ್ಲ ಎಂಬುದೂ ನೆನಪಿರಲಿ.

ಇಲ್ಲಿ ಮಾತ್ರ ನಿಮ್ಮ ಲೆನ್ಸಿನ ಮಿತಿ ನಿಜವಾದದ್ದು. 50 ಮಿ.ಮೀ. ಎಫ್ 1.8 ಲೆನ್ಸನ್ನು ಎಫ್ 2.2ರಲ್ಲಿ ಬಳಸಿದರೆ, ಎಫ್ 5.6ಕ್ಕೆ ಐಎಸ್ಒ 6400 ಬೇಕಾದ ಕಡೆ ಸುಮಾರು 1000 ಸಾಕು. ಚಿತ್ರದ ಕಾಳುಕಾಳು ಗದ್ದಲ ಕಣ್ಣಿಗೆ ಕಾಣುವಷ್ಟು ಇಳಿಯುತ್ತದೆ. ಕ್ಯಾಮೆರಾವನ್ನು ಉದ್ದಕ್ಕೆ ಹಿಡಿದು ರಂಗದಿಂದ ಐದಾರು ಮೀಟರ್ ದೂರ ಕುಳಿತರೆ ಕಿರೀಟದಿಂದ ಗೆಜ್ಜೆಯವರೆಗೆ ಪೂರ್ತಿ ವೇಷ ಹಿಡಿಸುತ್ತದೆ. ಫ್ಲ್ಯಾಶ್ ಬೇಡವೇ ಬೇಡ. ಕಲಾವಿದರ ಕಣ್ಣಿಗೆ ಹೊಡೆಯುತ್ತದೆ, ರಂಗದ ಬೆಳಕನ್ನೂ ಅಳಿಸಿಹಾಕುತ್ತದೆ. ಚೌಕಿಯಲ್ಲಿ ಬಣ್ಣ ಹಚ್ಚಿಕೊಳ್ಳುವಾಗ ತೆಗೆಯಬೇಕೆಂದರೆ ಮೇಳದ ವ್ಯವಸ್ಥಾಪಕರನ್ನು ಮೊದಲೇ ಕೇಳಿ, ಕನ್ನಡಿಗೂ ಕಲಾವಿದರಿಗೂ ನಡುವೆ ನಿಲ್ಲಬೇಡಿ. ಕನ್ನಡಿಯ ಪಕ್ಕದ ಒಂದೇ ಬಲ್ಬಿನ ಬೆಳಕು ಭಾವಚಿತ್ರಕ್ಕೆ ಬಹಳ ಒಳ್ಳೆಯದು.

ಹಕ್ಕಿ: ಉದ್ದದ ಲೆನ್ಸಿಗಿಂತ ಮೊದಲು ದೂರ

ನಿಮ್ಮ ಕ್ಯಾಮೆರಾದ ಸೆನ್ಸರ್ ಎಪಿಎಸ್-ಸಿ, ಅಂದರೆ ಫುಲ್ ಫ್ರೇಮ್‌ಗಿಂತ ಚಿಕ್ಕದು. 250 ಮಿ.ಮೀ. ಅದರಲ್ಲಿ ಫುಲ್ ಫ್ರೇಮ್‌ನ 400 ಮಿ.ಮೀ.ನಷ್ಟು ಹತ್ತಿರ ಎಳೆಯುತ್ತದೆ. ಫುಲ್ ಫ್ರೇಮ್‌ಗೆ ಹೋದರೆ ಹಕ್ಕಿ ಚೌಕಟ್ಟಿನಲ್ಲಿ ಇನ್ನೂ ಚಿಕ್ಕದಾಗುತ್ತದೆ ಎಂಬುದನ್ನು ನಿಮ್ಮ ಗೆಳೆಯರು ಹೇಳಿರಲಿಕ್ಕಿಲ್ಲ.

ಲೆಕ್ಕ ನೋಡಿ. ಬಿಳಿ ಎದೆಯ ಮಿಂಚುಳ್ಳಿ ಸುಮಾರು 28 ಸೆ.ಮೀ. ಉದ್ದ. 20 ಮೀಟರ್ ದೂರದಿಂದ 250 ಮಿ.ಮೀ. ಲೆನ್ಸ್ ಅದರ ಬಿಂಬವನ್ನು ಸೆನ್ಸರಿನ ಮೇಲೆ 3.5 ಮಿ.ಮೀ. ಉದ್ದಕ್ಕೆ ಮೂಡಿಸುತ್ತದೆ. ಸೆನ್ಸರಿನ ಎತ್ತರ ಸುಮಾರು 15 ಮಿ.ಮೀ. ಅದೇ ದೂರದಿಂದ 600 ಮಿ.ಮೀ. ಲೆನ್ಸಿನಲ್ಲಿ 8.4 ಮಿ.ಮೀ. ಬಿಂಬ. ನೀವು 250ನ್ನೇ ಹಿಡಿದು 8 ಮೀಟರಿಗೆ ಬಂದರೆ 8.75 ಮಿ.ಮೀ.! ಅಂದರೆ 12 ಮೀಟರ್ ಹತ್ತಿರವಾಗುವುದು ಲಕ್ಷದ ಹತ್ತಿರದ ಬೆಲೆಯ ಲೆನ್ಸಿಗೆ ಸಮ. ಹತ್ತಿರವಾಗುವುದೆಂದರೆ ಹಕ್ಕಿಯ ಬೆನ್ನುಹತ್ತುವುದಲ್ಲ. ಮಿಂಚುಳ್ಳಿ, ಕಾಜಾಣ, ಬೆಳ್ಳಕ್ಕಿ ದಿನವೂ ಅದೇ ಕೊಂಬೆ, ಅದೇ ಬದುವಿಗೆ ಬರುತ್ತವೆ. ಎರಡು ದಿನ ಕ್ಯಾಮೆರಾ ಇಲ್ಲದೆ ನೋಡಿ ಜಾಗ ಗೊತ್ತುಮಾಡಿಕೊಳ್ಳಿ. ಮೂರನೆಯ ದಿನ ಬೆಳಕು ಹರಿಯುವ ಮೊದಲೇ ಹೋಗಿ, ಸೂರ್ಯ ಬೆನ್ನಿಗಿರುವಂತೆ ಕೆಳಗೆ ಕುಳಿತು ಅಲುಗದೆ ಕಾಯಿರಿ. ನಿಂತ ಕಾರಿನ ಒಳಗೆ ಕುಳಿತರೂ ಆಗುತ್ತದೆ, ಬಾಗಿಲು ತೆರೆದು ಇಳಿಯುವ ಮನುಷ್ಯನಿಗಿಂತ ಕಾರಿಗೆ ಹಕ್ಕಿ ಕಡಿಮೆ ಹೆದರುತ್ತದೆ.

ಮಸುಕಿಗೆ ಕಾರಣಗಳು ಹೆಚ್ಚಾಗಿ ಮೂರು. ಮೊದಲನೆಯದು ಶಟರ್. 250 ಮಿ.ಮೀ.ನಲ್ಲಿ ಕೈನಡುಕಕ್ಕೇ ಕನಿಷ್ಠ 1/400 ಬೇಕು, ಕುಳಿತ ಹಕ್ಕಿಯೂ ತಲೆ ಅಲುಗಿಸುವುದರಿಂದ 1/800, ಹಾರುವುದಕ್ಕೆ 1/2000. ಡಯಲ್ಲನ್ನು ಶಟರ್ ಆದ್ಯತೆಯ ಟಿವಿ ಮೋಡ್‌ಗೆ ತಿರುಗಿಸಿ, ಆಟೊ ಐಎಸ್ಒ ಹಾಕಿ. ಎರಡನೆಯದು ಫೋಕಸ್ ಬಿಂದು. ಒಂಬತ್ತೂ ಬಿಂದುಗಳನ್ನು ತೆರೆದಿಟ್ಟರೆ ಕ್ಯಾಮೆರಾ ಹಕ್ಕಿಯ ಮುಂದಿನ ಎಲೆಯನ್ನೇ ಹಿಡಿಯುತ್ತದೆ. ನಿಮ್ಮ ಮಾದರಿಯಲ್ಲಿ ನಡುವಿನ ಬಿಂದು ಉಳಿದವಕ್ಕಿಂತ ಚುರುಕು. ಅದೊಂದನ್ನೇ ಆರಿಸಿ, ಚಲಿಸುವುದನ್ನು ಹಿಂಬಾಲಿಸುವ ಎಐ ಸರ್ವೋ ಫೋಕಸ್ ಇಟ್ಟು, ಹಕ್ಕಿಯ ಕಣ್ಣಿನ ಮೇಲೆ ಹಿಡಿಯಿರಿ. ಮೂರನೆಯದನ್ನು ಹೆಚ್ಚಿನವರು ಗುರುತಿಸುವುದೇ ಇಲ್ಲ. ಹತ್ತು ಗಂಟೆಯ ಮೇಲೆ ಕೆರೆಯ ಮೇಲಿನ ಬಿಸಿಗಾಳಿ ಅಲೆಯಾಡತೊಡಗುತ್ತದೆ. ಆಗ ದೂರದ ಹಕ್ಕಿ ಎಷ್ಟು ದುಬಾರಿ ಲೆನ್ಸಿನಲ್ಲೂ ಚೂಪಾಗುವುದಿಲ್ಲ.

ಗೂಡಿನ ಚಿತ್ರ ತೆಗೆಯಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ವ್ಯಾಖ್ಯೆಯಲ್ಲಿ ಕಾಡುಹಕ್ಕಿಯ ಮೊಟ್ಟೆ ಅಥವಾ ಗೂಡಿಗೆ ತೊಂದರೆ ಕೊಡುವುದೂ ಬೇಟೆಯೊಳಗೇ ಸೇರುತ್ತದೆ. ಕಾನೂನು ಬದಿಗಿಟ್ಟರೂ, ನೀವು ಎಲೆ ಸರಿಸಿ ಬಂದ ದಾರಿಯಲ್ಲೇ ಕಾಗೆ ಬರುತ್ತದೆ. ಗುಡವಿಯಂಥ ಕಡೆ ವೀಕ್ಷಣೆಗೆಂದು ಮಾಡಿದ ಜಾಗದಿಂದ ತೆಗೆಯುವುದು ಬೇರೆ ಮಾತು. ಮೊಬೈಲಿನಲ್ಲಿ ಕೂಗು ಕೇಳಿಸಿ ಹಕ್ಕಿ ಕರೆಯುವ ರೂಢಿಯನ್ನೂ ಹತ್ತಿರ ಬಿಟ್ಟುಕೊಳ್ಳಬೇಡಿ.

ಜೋಗ, ಇಕ್ಕೇರಿ, ಹಿತ್ತಲು

ಜೋಗದ ನೀರು ಬರೀ ಬಿಳಿಯಾಗುವುದು ಕಪ್ಪು ಬಂಡೆಯಿಂದ. ಬಂಡೆಯನ್ನು ಕಂಡು ಕ್ಯಾಮೆರಾ ಬೆಳಕು ಏರಿಸುತ್ತದೆ, ನೀರು ಸುಡುತ್ತದೆ. ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಮೈನಸ್ 1ಕ್ಕೆ ಇಳಿಸಿ, ತೆಗೆದ ಚಿತ್ರದಲ್ಲಿ ಮಿನುಗುವ ಎಚ್ಚರಿಕೆ ನಿಲ್ಲುವವರೆಗೆ ಹೊಂದಿಸಿ. ಮಂಜು ಇಡೀ ಕಣಿವೆ ತುಂಬಿದಾಗ ಮಾತ್ರ ಲೆಕ್ಕ ಉಲ್ಟಾ, ಆಗ ಪ್ಲಸ್ 1 ಬೇಕು. ನೀರು ರೇಷ್ಮೆಯಂತೆ ಬರಬೇಕೆಂದರೆ 1/4 ಸೆಕೆಂಡಿನಷ್ಟು ನಿಧಾನ ಶಟರ್ ಬೇಕು. ಮೋಡದ ಸಂಜೆ ಐಎಸ್ಒ 100, ಎಫ್ 11ರಲ್ಲಿ 1/30 ಸಿಕ್ಕಿದರೆ, ಬೆಳಕು ತಗ್ಗಿಸುವ ಮೂರು ಸ್ಟಾಪ್‌ನ ಎನ್‌ಡಿ 8 ಫಿಲ್ಟರ್ 1/4ಕ್ಕೆ ತರುತ್ತದೆ. ಟ್ರೈಪಾಡ್ ಇಲ್ಲದೆ ಇದು ಆಗದು. ಎಫ್ 22ಕ್ಕೆ ಮುಚ್ಚಿ ಶಟರ್ ಇಳಿಸುವ ಉಪಾಯ ಬೇಡ, ವಿವರ್ತನೆಯಿಂದ ಇಡೀ ಚಿತ್ರ ಮೆತ್ತಗಾಗುತ್ತದೆ. ಜಲಪಾತಕ್ಕಿಂತ ಮಲೆನಾಡಿನ ಒದ್ದೆ ಎಲೆಗಳಿಗೆ ಹೆಚ್ಚು ಉಪಯೋಗಕ್ಕೆ ಬರುವುದು ಪೋಲರೈಸರ್. ಎಲೆಯ ಮೇಲಿನ ಬಿಳಿ ಹೊಳಪನ್ನು ತೆಗೆದು ಹಸಿರನ್ನು ಹೊರತರುತ್ತದೆ. ನಿಮ್ಮ ಎರಡೂ ಲೆನ್ಸಿಗೆ 58 ಮಿ.ಮೀ. ಒಂದೇ ಅಳತೆ. ಆದರೆ ನಿಮ್ಮ ಕಿಟ್‌ನ ಈ ಲೆನ್ಸ್‌ಗಳಲ್ಲಿ ಫೋಕಸ್ ಮಾಡುವಾಗ ಮುಂಭಾಗವೂ ತಿರುಗುತ್ತದೆ. ಮೊದಲು ಫೋಕಸ್, ಆಮೇಲೆ ಪೋಲರೈಸರ್ ತಿರುಗಿಸುವುದು, ಈ ಕ್ರಮ ತಪ್ಪಿದರೆ ಫಿಲ್ಟರ್ ಕೆಲಸ ಮಾಡುತ್ತಿಲ್ಲ ಎಂದು ಅಂದುಕೊಳ್ಳುತ್ತೀರಿ.

ಶಿಲ್ಪವನ್ನು ನೀವು ಪಟ್ಟಿಯಲ್ಲಿ ಬರೆದಿಲ್ಲ, ಆದರೆ ಇಕ್ಕೇರಿ ಅಷ್ಟು ಹತ್ತಿರ ಇಟ್ಟುಕೊಂಡು ಬಿಡುವುದು ನ್ಯಾಯವಲ್ಲ. ಉಬ್ಬುಕೆತ್ತನೆ ಕಾಣಬೇಕಾದರೆ ಬೆಳಕು ಗೋಡೆಯನ್ನು ಸವರಿಕೊಂಡು ಬರಬೇಕು. ಅಘೋರೇಶ್ವರ ದೇವಾಲಯ ಉತ್ತರಕ್ಕೆ ಮುಖ ಮಾಡಿದೆ. ಸಾಗರ ಇರುವುದು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಹಾಗಾಗಿ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಉತ್ತರಕ್ಕೆ ಹೋಗುವುದು ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಾತ್ರ. ಮಳೆ ಹಿಡಿಯುವ ಮೊದಲಿನ ಮೇ ತಿಂಗಳಲ್ಲಿ ಎದುರು ಗೋಡೆಯ ಮೇಲೆ ಬೆಳಕು ಮೇಲಿನಿಂದ ಜಾರುತ್ತದೆ. ಡಿಸೆಂಬರ್‌ನಲ್ಲಿ ಅದೇ ಗೋಡೆ ದಿನವಿಡೀ ನೆರಳಲ್ಲಿರುತ್ತದೆ, ಆಗ ಪಕ್ಕದ ಗೋಡೆಗಳನ್ನು ನೋಡಿ. ಇದನ್ನು ಮಕ್ಕಳಿಗೆ ಪಾಠವಾಗಿಯೂ ತೋರಿಸಬಹುದು. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್‌ಗೆ ಪ್ರತ್ಯೇಕ ಅನುಮತಿ ಬೇಕಾಗುತ್ತದೆ.

ಹುಳಗಳಿಗೆ ಮ್ಯಾಕ್ರೋ ಲೆನ್ಸೇ ಬೇಕೆಂದಿಲ್ಲ. 55-250ರ ಮುಂದೆ ಕಚ್ಚಿಸುವ ರೇನಾಕ್ಸ್ ಡಿಸಿಆರ್-150ರಂಥ ಕ್ಲೋಸ್-ಅಪ್ ಲೆನ್ಸ್ 4.8 ಡಯಾಪ್ಟರ್ ಶಕ್ತಿಯದು. 250 ಮಿ.ಮೀ.ನಲ್ಲಿ ನಿಜ ಅಳತೆಗಿಂತ ಸ್ವಲ್ಪ ಹೆಚ್ಚೇ, ಸುಮಾರು 1.2 ಪಟ್ಟು ಬಿಂಬ ಕೊಡುತ್ತದೆ. ಹುಳದಿಂದ 20 ಸೆ.ಮೀ. ದೂರ ಇರಬಹುದು. ಇದೇ ಸಾಲಿನ 250 ಎಂಬುದು 8 ಡಯಾಪ್ಟರ್, ಆರಂಭಕ್ಕೆ ಅದು ಬೇಡ, ಬರೀ 12 ಸೆ.ಮೀ. ಹತ್ತಿರ ಹೋಗಬೇಕಾಗುತ್ತದೆ. ಈ ಹಿಗ್ಗುವಿಕೆಯಲ್ಲಿ ಎಫ್ 11ರಲ್ಲೂ ಚೂಪಾಗಿರುವ ಆಳ ಒಂದು ಮಿಲಿಮೀಟರಿಗಿಂತ ಕಡಿಮೆ. ಆದ್ದರಿಂದ ಆಟೊಫೋಕಸ್ ಬಿಟ್ಟು, ಲೆನ್ಸನ್ನು ಒಂದೇ ಕಡೆ ನಿಲ್ಲಿಸಿ, ನೀವೇ ಕೂದಲೆಳೆಯಷ್ಟು ಹಿಂದೆ ಮುಂದೆ ಸರಿದು ಕಣ್ಣು ಚೂಪಾದಾಗ ಒತ್ತಿ. ಇಷ್ಟು ಮುಚ್ಚಿದ ಎಫ್ 11ಕ್ಕೆ ಮಳೆಗಾಲದ ಬೆಳಕು ಸಾಲದು, ಕ್ಯಾಮೆರಾದ ಮೇಲಿನ ಪುಟ್ಟ ಫ್ಲ್ಯಾಶ್‌ಗೆ ಬಿಳಿ ಕಾಗದದ ಮುಸುಕು ಮಾಡಿ ಬಳಸಿ. ಹೊರಗಿನ ಫ್ಲ್ಯಾಶ್ ಕೊಳ್ಳುವ ಯೋಚನೆ ಬಂದರೆ, ಫ್ಲ್ಯಾಶ್ ಕೂರಿಸುವ ತಟ್ಟೆಯ ನಡುಮಧ್ಯೆ ಲೋಹದ ಬಿಂದು ಇದೆಯೇ ಎಂದು ಮೊದಲು ನೋಡಿ. ಹೊಸದಾಗಿ ಕಲಿಯುವವರಿಗೆಂದು ಮಾಡಿದ ಕ್ಯಾನನ್‌ನ ಕೆಲವು ಮಾದರಿಗಳಲ್ಲಿ ಅದು ಇಲ್ಲ, ಅವುಗಳಲ್ಲಿ ಅಗ್ಗದ ಮ್ಯಾನುವಲ್ ಫ್ಲ್ಯಾಶ್ ಉರಿಯುವುದಿಲ್ಲ. ಕಪ್ಪೆಗಳನ್ನು ಕೈಯಲ್ಲಿ ಎತ್ತಿ ಜಾಗ ಬದಲಿಸಬೇಡಿ, ಅವುಗಳ ತೊಗಲು ನಮ್ಮ ಕೈಯ ಉಪ್ಪು, ಸೊಳ್ಳೆ ಕ್ರೀಮು ಎಲ್ಲವನ್ನೂ ಹೀರಿಕೊಳ್ಳುತ್ತದೆ.

ಸಂತೆಯ ಸಂಕೋಚ ತಪ್ಪಲ್ಲ, ಅದನ್ನು ಕಳೆದುಕೊಳ್ಳಲೂ ಬೇಡಿ. ದೂರದಿಂದ 250ರಲ್ಲಿ ಕದ್ದು ತೆಗೆಯುವ ದಾರಿ ಸಂಕೋಚವನ್ನು ಹೆಚ್ಚಿಸುತ್ತದೆ. 18-55ನ್ನು 28ರ ಆಸುಪಾಸಿಗಿಟ್ಟು, ತರಕಾರಿ ಕೊಂಡು, ನಾಲ್ಕು ಮಾತಾಡಿ, ಕೇಳಿ ತೆಗೆಯಿರಿ. ಮೊದಲ ಚಿತ್ರಕ್ಕೆ ಎಲ್ಲರೂ ಬಿಗಿಯಾಗಿ ನಿಲ್ಲುತ್ತಾರೆ, ಅವರು ಮತ್ತೆ ವ್ಯಾಪಾರಕ್ಕೆ ತಿರುಗಿದ ಮೇಲೆ ನಿಮ್ಮ ಚಿತ್ರ ಸಿಗುತ್ತದೆ. ಮುಂದಿನ ವಾರ ಒಂದು ಪ್ರಿಂಟ್ ಕೊಟ್ಟರೆ ಇಡೀ ಸಾಲಿನಲ್ಲಿ ನಿಮಗೆ ಜಾಗ. ಶಾಲೆಯ ಮಕ್ಕಳ ಚಿತ್ರ ಮಾತ್ರ ಪೋಷಕರ ಒಪ್ಪಿಗೆ ಇಲ್ಲದೆ ಎಲ್ಲೂ ಹಾಕಬೇಡಿ.

ಲೆನ್ಸಿನೊಳಗಿನ ಬಿಳಿ ಎಳೆ

ಖರೀದಿಗೆ ಮೊದಲು ಇದು ತೀರ್ಮಾನವಾಗಬೇಕು. ಕತ್ತಲ ಕೋಣೆಯಲ್ಲಿ ಲೆನ್ಸಿನ ಹಿಂಬದಿಯಿಂದ ಓರೆಯಾಗಿ ಟಾರ್ಚ್ ಹಾಯಿಸಿ ಮುಂದಿನಿಂದ ನೋಡಿ. ಬಿಡಿ ಬಿಡಿ ಚುಕ್ಕೆಗಳಾದರೆ ಧೂಳು, ಚಿಂತೆ ಬೇಡ. ಕವಲೊಡೆದ ಎಳೆಗಳಾದರೆ ಶಿಲೀಂಧ್ರ. ನೀವು ಬರೆದಿರುವುದನ್ನು ನೋಡಿದರೆ ಎರಡನೆಯದೇ ಇರಬೇಕು. ಸ್ವಲ್ಪ ಎಳೆಯಿಂದ ಚಿತ್ರ ಕೆಡುವುದು ಕಾಣುವುದಿಲ್ಲ, ಆದರೆ ಬೆಳಕಿಗೆದುರಾಗಿ ತೆಗೆದಾಗ ಚಿತ್ರ ಮಂಕಾಗುತ್ತದೆ, ಬಿಟ್ಟರೆ ಗಾಜಿನ ಲೇಪನವನ್ನೇ ಕೊರೆಯುತ್ತದೆ.

ಅಕ್ಕಿ ಡಬ್ಬಿಯಲ್ಲಿ ಹುದುಗಿಸಿಡಿ ಎಂಬ ಸಲಹೆ ಎಲ್ಲೆಡೆ ಓಡಾಡುತ್ತದೆ. ಅಕ್ಕಿ ತೇವ ಹೀರುವುದು ಅತ್ಯಲ್ಪ, ಅದರ ಹುಡಿ ಮಾತ್ರ ಲೆನ್ಸಿನ ಸಂದಿಗೆ ಸೇರುತ್ತದೆ. ಬಿಸಿಲಿಗೆ ಒಡ್ಡುವುದೂ ಬೇಡ. ಒಳಗಿನ ಎಳೆ ಅದರಿಂದ ಮಾಯವಾಗುವುದಿಲ್ಲ, ಬಿಸಿಗೆ ಒಳಗಿನ ಎಣ್ಣೆ ಹರಿದು ಅಪರ್ಚರ್ ಎಲೆಗಳಿಗೆ ಅಂಟುತ್ತದೆ, ಲೆನ್ಸ್ ಮೂಲಕ ಹಾದ ಬಿಸಿಲು ಬಟ್ಟೆಗೆ ಬೆಂಕಿಯನ್ನೂ ಹೊತ್ತಿಸಬಲ್ಲದು. ದುರಸ್ತಿ ತಿಳಿದವರಿಗೆ ತೋರಿಸಿ, ಮೊದಲೇ ದರ ಕೇಳಿ. ಇದೇ ಲೆನ್ಸ್ ಸೆಕೆಂಡ್ ಹ್ಯಾಂಡ್‌ನಲ್ಲಿ ಧಾರಾಳವಾಗಿ ಸಿಗುತ್ತದೆ. ಸ್ವಚ್ಛ ಮಾಡುವ ಕೂಲಿ ಅದರ ಅರ್ಧ ಬೆಲೆ ದಾಟಿದರೆ ಬೇರೆಯದನ್ನೇ ಕೊಳ್ಳುವುದು ಲೇಸು.

ಮುಂದೆ ಹಿಡಿಯದಂತೆ ಮಾಡಲು ಎಲೆಕ್ಟ್ರಾನಿಕ್ ಡ್ರೈ ಕ್ಯಾಬಿನೆಟ್ಟೇ ಆಗಬೇಕೆಂದಿಲ್ಲ. ರಬ್ಬರ್ ಅಂಚಿನ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಅರ್ಧ ಕೆ.ಜಿ. ಸಿಲಿಕಾ ಜೆಲ್, ಒಂದು ಸಣ್ಣ ಆರ್ದ್ರತಾ ಮಾಪಕ ಸಾಕು. ಮುಳ್ಳು 40ರಿಂದ 50 ಶೇಕಡಾ ನಡುವೆ ಇರಲಿ. 30ಕ್ಕಿಂತ ಕೆಳಗೆ ಹೋಗಬಾರದು, ರಬ್ಬರ್ ಒಣಗುತ್ತದೆ. ಸಿಲಿಕಾ ಜೆಲ್‌ನ ಕಿತ್ತಳೆ ಹರಳು ತೇವ ಹೀರಿ ಹಸಿರಾದಾಗ ತೆಗೆದು 120 ಡಿಗ್ರಿಯ ಓವನ್‌ನಲ್ಲಿ ಎರಡು ಗಂಟೆ ಕಾಯಿಸಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ಜೂನ್-ಜುಲೈಯಲ್ಲಿ ಇದನ್ನು ಮತ್ತೆ ಮತ್ತೆ ಮಾಡಬೇಕಾಗುತ್ತದೆ. ಮಳೆಯಲ್ಲಿ ನೆನೆದು ಬಂದ ಕ್ಯಾಮೆರಾವನ್ನು ಒರೆಸಿ, ಫ್ಯಾನ್ ಕೆಳಗೆ ಕೆಲವು ಗಂಟೆ ಬಿಟ್ಟ ಮೇಲಷ್ಟೇ ಡಬ್ಬಿಗೆ ಸೇರಿಸಿ. ಬಟ್ಟೆಯ ಕ್ಯಾಮೆರಾ ಚೀಲ ಒಯ್ಯಲಿಕ್ಕೆ ಮಾತ್ರ, ಮಳೆಗಾಲದಲ್ಲಿ ಅದರೊಳಗೇ ಇಡುವುದು ಶಿಲೀಂಧ್ರಕ್ಕೆ ಮನೆ ಕಟ್ಟಿಕೊಟ್ಟಂತೆ.

45,000 ರೂಪಾಯಿ

ಎಲ್ಲ ಮಾರಿ ಫುಲ್ ಫ್ರೇಮ್ ಮಿರರ್‌ಲೆಸ್ ಕೊಳ್ಳುವ ದಾರಿಗೆ ಈ ಹಣ ಸಾಲುವುದಿಲ್ಲ. ಕ್ಯಾಮೆರಾ ಬಾಡಿ ಕೊಳ್ಳಲು ಸಾಲ ಮಾಡಿದರೂ ಲೆನ್ಸ್‌ಗಳನ್ನು ಹೊಸದಾಗಿ ಕಟ್ಟಬೇಕು. ಚಿಕ್ಕ ಸೆನ್ಸರಿಗೆಂದು ಮಾಡಿದ ನಿಮ್ಮ ಇಎಫ್-ಎಸ್ ಲೆನ್ಸ್‌ಗಳು ಅಡಾಪ್ಟರ್ ಮೂಲಕ ಕೂರುತ್ತವೆ, ಆದರೆ ಸೆನ್ಸರಿನ ನಡುಭಾಗ ಮಾತ್ರ ಬಳಕೆಯಾಗಿ 24 ಮೆಗಾಪಿಕ್ಸೆಲ್ ಕ್ಯಾಮೆರಾ ಒಂಬತ್ತು ಚಿಲ್ಲರೆಗೆ ಇಳಿಯುತ್ತದೆ. ಹೊಸ ಕ್ಯಾಮೆರಾಗಳು ಹಕ್ಕಿಯ ಕಣ್ಣನ್ನು ತಾವೇ ಹುಡುಕಿ ಹಿಡಿಯುವುದು, ಕತ್ತಲಲ್ಲಿ ಕಡಿಮೆ ಗದ್ದಲ ಕೊಡುವುದು ನಿಜವಾದ ಲಾಭಗಳೇ. ಅವು ನಿಮಗೆ ಬೇಕಾಗುವ ದಿನ ಬಂದಾಗ ಕೊಳ್ಳಿ.

ಸಾಲ ತೆಗೆದು 150-600 ಕೊಳ್ಳುವುದು ಇನ್ನೊಂದು ದಾರಿ. ತೂಕ ಸುಮಾರು 2 ಕೆ.ಜಿ., ಕೈಯಲ್ಲಿ ಅರ್ಧ ಗಂಟೆ ಹಿಡಿಯುವುದು ಕಷ್ಟ, 600ರಲ್ಲಿ ಎಫ್ 6.3 ಆದ್ದರಿಂದ ಮಲೆನಾಡಿನ ಮೋಡದಲ್ಲಿ ಐಎಸ್ಒ ಏರುತ್ತಲೇ ಇರುತ್ತದೆ. ಹಕ್ಕಿಯೇ ನಿಮ್ಮ ದಾರಿ ಎಂದು ಖಚಿತವಾದವರಿಗೆ ಅದು ಸರಿ, ಈಗಲೇ ನಿಮಗಲ್ಲ.

ನನ್ನ ಸಲಹೆ ಸಣ್ಣ ಖರೀದಿಗಳದ್ದು. 50 ಮಿ.ಮೀ. ಎಫ್ 1.8 ಎಸ್‌ಟಿಎಂ ಲೆನ್ಸ್ ಹತ್ತು ಸಾವಿರದ ಆಸುಪಾಸು. ಅದು ಫುಲ್ ಫ್ರೇಮ್‌ಗೂ ಹೊಂದುವ ಇಎಫ್ ಲೆನ್ಸ್ ಆದ್ದರಿಂದ ಮುಂದೆ ಮಿರರ್‌ಲೆಸ್‌ಗೆ ಹೋದರೂ ಅಡಾಪ್ಟರ್ ಹಾಕಿ ಪೂರ್ತಿಯಾಗಿ ಬಳಸಬಹುದು. ಜೊತೆಗೆ ಕ್ಲೋಸ್-ಅಪ್ ಲೆನ್ಸ್, 58 ಮಿ.ಮೀ. ಪೋಲರೈಸರ್, ಗಟ್ಟಿಯಾದ ಟ್ರೈಪಾಡ್, ಒಣ ಡಬ್ಬಿ. ಎಲ್ಲ ಸೇರಿದರೂ ಹಣ ಉಳಿಯುತ್ತದೆ, ಉಳಿದದ್ದನ್ನು ಮುಟ್ಟಬೇಡಿ. ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಟಾರ್ಚ್ ಪರೀಕ್ಷೆ ಅಲ್ಲೇ ಮಾಡಿ, ನಿಮ್ಮ ಕ್ಯಾಮೆರಾಗೆ ಹಾಕಿ ಅಪರ್ಚರ್ ಪೂರ್ತಿ ತೆರೆದು ಹತ್ತಿರಕ್ಕೂ ದೂರಕ್ಕೂ ಚಿತ್ರ ತೆಗೆದು ನೋಡಿ. ಕರಾವಳಿ, ಮಲೆನಾಡಿನಲ್ಲಿ ಮಳೆಗಾಲ ಕಳೆದ ಲೆನ್ಸ್ ಎಂದರೆ ಇನ್ನೂ ಎಚ್ಚರ.

ಉಳಿದ ಹಣ ಎಲ್ಲಿಗೆ ಹೋಗಬೇಕೆಂದು ನಿಮ್ಮ ಚಿತ್ರಗಳೇ ಹೇಳುತ್ತವೆ. ಒಂದು ವರ್ಷದ ಕೊನೆಗೆ, ಬೇರೆಯವರ ಮೆಚ್ಚುಗೆ ಲೆಕ್ಕಿಸದೆ ನಿಮಗೇ ಇಷ್ಟವಾದ ಐವತ್ತು ಚಿತ್ರ ಆರಿಸಿ. ಪ್ರತಿ ಕಡತದ ಒಳಗೆ ಫೋಕಲ್ ಲೆಂತ್, ಐಎಸ್ಒ, ತೆಗೆದ ಗಂಟೆ ದಾಖಲಾಗಿರುತ್ತದೆ. ಡಿಜಿಕ್ಯಾಮ್, ಡಾರ್ಕ್‌ಟೇಬಲ್‌ನಂಥ ಉಚಿತ ತಂತ್ರಾಂಶಗಳಲ್ಲಿ ಅವನ್ನು ನೋಡಬಹುದು. ಅರ್ಧಕ್ಕಿಂತ ಹೆಚ್ಚು 250 ಮಿ.ಮೀ.ನಲ್ಲಿ ಬಂದಿದ್ದು, ಎಲ್ಲವನ್ನೂ ಕತ್ತರಿಸಿ ದೊಡ್ಡದು ಮಾಡಿದ್ದರೆ ಉದ್ದ ಲೆನ್ಸ್ ನಿಮಗೆ ಬೇಕು. 18ರಲ್ಲೇ ಹಿಂದೆ ಸರಿಯಲು ಜಾಗವಿಲ್ಲದೆ ನಿಂತಿದ್ದರೆ 10-18ರಂಥ ಅಗಲ ಲೆನ್ಸ್. ಹೆಚ್ಚಿನವು ರಾತ್ರಿಯ, ಐಎಸ್ಒ 3200 ಮೇಲಿನವಾದರೆ 85 ಮಿ.ಮೀ. ಎಫ್ 1.8. ತೆಗೆದ ಗಂಟೆಯನ್ನೂ ಗಮನಿಸಿ. ಶಾಲೆಗೆ ಹೋಗುವವರಿಗೆ ವಾರದ ದಿನ ಸಿಗುವುದು ಬೆಳಗಿನ ಒಂದು ಗಂಟೆ ಮತ್ತು ಸಂಜೆಯ ನಂತರದ ಹೊತ್ತು. ಬೆಳಗಿನ ಚಿತ್ರಗಳೇ ಹೆಚ್ಚಿದ್ದರೆ ಹಕ್ಕಿ-ಹುಳಗಳ ಕಡೆ ವಾಲಿದ್ದೀರಿ, ರಾತ್ರಿಯವು ಹೆಚ್ಚಿದ್ದರೆ ರಂಗಸ್ಥಳದ ಕಡೆ. ಐವತ್ತೂ ಐದು ಕಡೆ ಹಂಚಿಹೋಗಿದ್ದರೆ ಇನ್ನೊಂದು ವರ್ಷ ಹೀಗೆಯೇ ಮುಂದುವರಿಯಿರಿ, ಹಣ ಬ್ಯಾಂಕಿನಲ್ಲಿರಲಿ.

ಈ ವಾರ ಮಾಡಬೇಕಾದ್ದು ಟಾರ್ಚ್ ಪರೀಕ್ಷೆ ಮತ್ತು ಒಣ ಡಬ್ಬಿ. ಎಳೆ ಶಿಲೀಂಧ್ರವೇ ಆಗಿದ್ದರೆ ಆ ಲೆನ್ಸನ್ನು 18-55ರ ಜೊತೆ ಒಂದೇ ಡಬ್ಬಿಯಲ್ಲಿ ಇಡಬೇಡಿ, ದುರಸ್ತಿಗೆ ಕಳಿಸುವವರೆಗೆ ಬೇರೆ ಡಬ್ಬಿ, ಬೇರೆ ಸಿಲಿಕಾ ಜೆಲ್.